ಫಕ್ಕೀರವ್ವನ ರಕ್ತ ಹೊತ್ತ ಪೆಟ್ಟಿಗೆ

ನಾನು ಒಂದು ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ. ಲಸಿಕೆಯನ್ನು ತಂಪಾಗಿ ಒಯ್ಯಲೆಂದೇ ನನ್ನನ್ನು ಅಚ್ಚಿನಲ್ಲಿ ಎರೆದರು. ದಪ್ಪ ಗೋಡೆ, ಬಿಗಿ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ, ಒಳಗೆ ನಾಲ್ಕು ಐಸ್ ಪ್ಯಾಕ್. ಬಿಸಿಲನ್ನು ಹೊರಗೇ ನಿಲ್ಲಿಸುವುದು ನನ್ನ ಹೆಮ್ಮೆ.

ರಾಣೆಬೆನ್ನೂರಿನ ಹತ್ತಿರದ ಆರೋಗ್ಯ ಕೇಂದ್ರವೊಂದರಲ್ಲಿ ನನ್ನನ್ನು ಹೆಗಲಿಗೇರಿಸಿಕೊಂಡವರು ನರ್ಸ್ ವಿಮಲಾಕ್ಷಿ. ಪೋಲಿಯೊ ಹನಿ ಹಾಕುವ ದಿನ ನಾವಿಬ್ಬರೂ ಓಣಿ ಓಣಿ ತಿರುಗುತ್ತಿದ್ದೆವು. ಐಸ್ ಕಲ್ಲಿನಂತೆ ಗಟ್ಟಿಯಾಗಿರಬೇಕೆಂಬುದು ಅವರ ನಿಯಮ. ಕರಗತೊಡಗಿದರೆ ಅರ್ಧ ದಾರಿಯಿಂದಲೂ ಮರಳುತ್ತಿದ್ದರು. ಮಗುವಿನ ಕೆನ್ನೆ ಮುಟ್ಟುವ ಮುನ್ನ, ತಣ್ಣಗಾದ ಬೆರಳುಗಳನ್ನು ಸೆರಗಿಗೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಅವರು ನಿವೃತ್ತರಾದ ವರ್ಷ, ಪಟ್ಟಿ ಹರಿದ ನನ್ನನ್ನು ಗುಜರಿಗೆ ಹಾಕುವವರಿದ್ದರು. ವಿಮಲಾಕ್ಷಿ ಕೇಳಿ ಪಡೆದರು. ಡಾಕ್ಟರ್ ಪಾರ್ಶ್ವನಾಥರ ದವಾಖಾನೆಯಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದಾಗ ನನ್ನನ್ನೂ ಒಯ್ದರು.

ಅಲ್ಲಿಗೆ ಫಕ್ಕೀರವ್ವ ಬಂದಳು. ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಹಚ್ಚುವ ‘ಕ್ರಾಸಿಂಗ್’ ಕೆಲಸದವಳು. ಎಡಗಡೆ ಹೊಟ್ಟೆ ಭಾರ, ಸುಸ್ತು, ಬಿಳಿ ರಕ್ತಕಣಗಳು ವಿಪರೀತ. ರಕ್ತದ ಕ್ಯಾನ್ಸರ್ ಇರಬಹುದೆಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಕಣದೊಳಗಿನ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹೊಸ ಜೀನ್ ಹುಟ್ಟಿದೆಯೇ ಎಂದು ಹುಬ್ಬಳ್ಳಿಯಲ್ಲಿ ನೋಡಿಸಬೇಕು. ಆ ಜೀನಿನ ಗುರುತು ಸಿಕ್ಕರೆ ಅದಕ್ಕೆಂದೇ ಮಾತ್ರೆಯಿದೆ, ದಿನಾ ನುಂಗಿದರೆ ವರ್ಷಗಟ್ಟಲೆ ಚೆನ್ನಾಗಿರಬಹುದು ಎಂದರು.

“ನಾವು ಹೊಲದಾಗ ಕ್ರಾಸಿಂಗ್ ಮಾಡಿದಂಗ, ನನ್ನೊಳಗ ಯಾರೋ ಮಾಡ್ಯಾರ ಅನ್ರಿ,” ಎಂದಳು ಫಕ್ಕೀರವ್ವ. ಡಾಕ್ಟರೂ ನಕ್ಕರು.

ವಿಮಲಾಕ್ಷಿ ನೋವಾಗದಂತೆ ರಕ್ತ ತೆಗೆದರು. ನಾಜೂಕಿನ ಪರೀಕ್ಷೆ, ತಂಪು ಹೆಚ್ಚೇ ಇರಲಿ ಎಂದು ಹಳೆಯ ರೂಢಿಯಂತೆ ಕಲ್ಲಾಗಿದ್ದ ಐಸ್ ಪ್ಯಾಕ್‌ಗಳ ನಡುವೆ ನಳಿಕೆಯನ್ನು ಒತ್ತಿ ಇಟ್ಟರು. ಹುಬ್ಬಳ್ಳಿಯ ಬಸ್ಸಿನಲ್ಲಿ ನಾನು ಒಂದಿಷ್ಟೂ ಬಿಸಿ ಒಳಬಿಡಲಿಲ್ಲ. ರಕ್ತ ಐಸಾಗಿ ಕಣಗಳೆಲ್ಲ ಒಡೆದಿವೆ, ಹೊಸದಾಗಿ ಕಳುಹಿಸಿ ಎಂಬ ಲ್ಯಾಬಿನ ಚೀಟಿ ಹೊತ್ತು ನಾನು ಮರಳಿದೆ. ಲಸಿಕೆಯನ್ನು ಕಾಯುತ್ತಿದ್ದ ತಂಪೇ ರಕ್ತವನ್ನು ಕೆಡಿಸಿತ್ತು.

ಚೀಟಿ ಓದಿ ವಿಮಲಾಕ್ಷಿಯ ಮುಖ ಕೆಂಪಾಯಿತು. ಮೂವತ್ತು ವರ್ಷದ ಅನುಭವಸ್ಥೆ. ತನ್ನ ತಪ್ಪೆಂದು ಹೇಳಲಾಗಲಿಲ್ಲ. ರಕ್ತ ಸರಿ ಬಂದಿಲ್ಲ, ಮತ್ತೆ ಕೊಡಬೇಕು ಎಂದಷ್ಟೇ ಹೇಳಿದರು. ಪರೀಕ್ಷೆಗೂ ಬೇಡವಾದಷ್ಟು ತನ್ನ ರಕ್ತ ಕೆಟ್ಟಿದೆ ಎಂದು ಫಕ್ಕೀರವ್ವ ತಿಳಿದಳು. ನಾಳೆ ಬರುತ್ತೇನೆಂದು ಹೋದವಳು ಬರಲಿಲ್ಲ. ವಿಮಲಾಕ್ಷಿ ಎರಡು ಸಲ ಮನೆಗೆ ಹೋದರೂ ಸಿಗಲಿಲ್ಲ.

ಎಂಟು ತಿಂಗಳ ಮೇಲೆ ಫಕ್ಕೀರವ್ವ ಮಗಳ ತೋಳು ಹಿಡಿದು ಬಂದಳು. ಈ ಸಲ ವಿಮಲಾಕ್ಷಿ ಐಸನ್ನು ಸ್ವಲ್ಪ ಕರಗಲು ಬಿಟ್ಟು, ನಳಿಕೆಗೆ ಬಟ್ಟೆ ಸುತ್ತಿ ನನ್ನೊಳಗಿಟ್ಟರು. ಗುರುತು ಸಿಕ್ಕಿತು. ಆದರೆ ಅಷ್ಟರಲ್ಲಿ ರೋಗ ಉಗ್ರವಾಗಿತ್ತು. ಮಾತ್ರೆ ಕೊಡೋಣ, ಇನ್ನು ಅದರಿಂದ ಹೆಚ್ಚು ಕಾಲ ತಡೆಯಲಾಗದು ಎಂದರು ಡಾಕ್ಟರು.

ವಿಮಲಾಕ್ಷಿ ಅವಳ ಪಕ್ಕ ಕುಳಿತು ಕೈ ಹಿಡಿದರು. “ಕೆಟ್ಟಿದ್ದು ನಿನ್ನ ರಕ್ತ ಅಲ್ಲವ್ವ. ಐಸಿನಾಗ ಇಟ್ಟು ನಾನ ಕೆಡಿಸಿದೆ. ಹೇಳಾಕ ನಾಚಿಕಿ ಆತು.”



“ಅವತ್ತ ಹೇಳಿದ್ರ, ಅಲ್ಲೇ ಇನ್ನೊಂದು ಕೈ ಚಾಚತಿದ್ನಲ್ರಿ ಅಕ್ಕಾರ,” ಎಂದಳು ಫಕ್ಕೀರವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗಿಬ್ಬರಿಗೂ ಹಗುರವಾಗುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಅವಳ ಮಗಳು ಒಬ್ಬಳೇ ಬಂದಳು. ಉಳಿದ ಮಾತ್ರೆಗಳನ್ನು ಮೇಜಿನ ಮೇಲಿಟ್ಟು, ಬೇರೆ ಯಾರಿಗಾದರೂ ಆಗಲಿ ಎಂದು ಸಾಯುವ ಮುಂಚೆ ಅವ್ವ ಹೇಳಿದ್ದಳು ಎಂದಳು. ವಿಮಲಾಕ್ಷಿ ಅವನ್ನು ನನ್ನೊಳಗಿಟ್ಟರು.

ಈಗ ನನ್ನ ಮುಚ್ಚಳ ಸೀಳಿಹೋಗಿದೆ. ದವಾಖಾನೆಯ ಮೂಲೆಯಲ್ಲಿ, ಹೀಗೆ ಹಿಂದಿರುಗಿ ಬಂದ ಮಾತ್ರೆಗಳನ್ನು ಇಟ್ಟುಕೊಂಡಿದ್ದೇನೆ. ಆ ಗುರುತು ಹೊಸದಾಗಿ ಸಿಕ್ಕ ಯಾರಿಗೋ ಕೊಡಲು ಡಾಕ್ಟರು ಕೈ ಹಾಕಿದಾಗ, ಇವರಾದರೂ ಬೇಗ ಬಂದಿರಲಿ ಎಂದುಕೊಳ್ಳುತ್ತೇನೆ.