ಸ್ವಇಚ್ಛೆಯಿಂದ

"ಅನ್ನ ಬೇಯ್ಸೋಳಿಗೆ ಕಾನೂನು ಯಾರೇ ಕಲ್ಸಿದ್ದು? ಸುಮ್ನೆ ಒತ್ತೇ ಹೆಬ್ಬೆಟ್ಟು."

ಶಿಕ್ಷಣ ಕಚೇರಿಯಿಂದ ಬಂದಿದ್ದ ರವೀಶ್ ಸ್ಟಾಂಪ್ ಪ್ಯಾಡನ್ನು ಮೂಕಮ್ಮನ ಮುಂದಕ್ಕೆ ತಳ್ಳಿದ. ಅವಳು ಕಲ್ಲುಹಕ್ಲಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದವಳು. ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದ್ದೇ ಅವಳ ತಪ್ಪಾಗಿತ್ತು. ಅವಳು ತಾನೇ ಸಾಕುತ್ತಿದ್ದ, ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ವಿನಯಾಳ ಕೈಗೆ ಕಾಗದ ಕೊಟ್ಟಳು. ನಾಲ್ಕನೇ ಕ್ಲಾಸಿನ ಹುಡುಗಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಪೋಷಕರಾದ ನಾವು ಸ್ವಇಚ್ಛೆಯಿಂದ ನಮ್ಮ ಮಕ್ಕಳನ್ನು ಮೇಲಿನಕೊಪ್ಪದ ಶಾಲೆಗೆ ಸೇರಿಸಲು ಒಪ್ಪಿರುತ್ತೇವೆ.

ಶಾಲೆಯಲ್ಲಿ ಉಳಿದಿದ್ದು ಏಳೇ ಮಕ್ಕಳು. ತೋಟದವರ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಸ್ಕೂಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಉಳಿದ ಏಳೂ ಅದೇ ತೋಟಗಳಲ್ಲಿ ಕೂಲಿ ಮಾಡುವವರ ಕೇರಿಯ ಮಕ್ಕಳು. ಇದ್ದೊಬ್ಬಳು ಟೀಚರ್ ವಾಗ್ದೇವಿ ಐದು ಕ್ಲಾಸನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ಗಣತಿಗೆಂದು, ಸರ್ವೆಗೆಂದು, ಮೀಟಿಂಗಿಗೆಂದು ಅವಳನ್ನು ಕರೆಸಿಕೊಂಡ ದಿನ ಅದೂ ಇರುತ್ತಿರಲಿಲ್ಲ. ಮೇ ತಿಂಗಳಲ್ಲಿ ಕಚೇರಿಯವರು ಅವಳನ್ನು ಬೇರೆ ಕಡೆ ಹಾಕಿದರು. ಆಮೇಲೆ, ಟೀಚರೇ ಇಲ್ಲದ ಶಾಲೆ ಯಾಕೆ ಎಂದು ಅವರೇ ಕೇಳಿದರು.

"ಹೆಬ್ಬೆಟ್ಟು ಒತ್ತೋದು ಬಿಟ್ಟು ಹತ್ತು ವರ್ಷ ಆಯ್ತು ಸಾ," ಎಂದಳು ಮೂಕಮ್ಮ. "ಇದೇ ಕೋಣೇಲಿ ಕೂತು ಸೈನು ಕಲ್ತಿದೀನಿ. ಇದಕ್ಕೆ ಮಾತ್ರ ಹಾಕಲ್ಲ."

ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ತೋಟದ ಒಡೆಯ ಮುಕುಂದಯ್ಯ ಕೂತಿದ್ದ. ಶಾಲೆಯ ಜಾಗ ಅವನ ಅಪ್ಪ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು, ಪಹಣಿ ಇನ್ನೂ ಅವನ ಮನೆಯ ಹೆಸರಲ್ಲೇ ಇತ್ತು. ಶಾಲೆಯ ಜಗುಲಿಯಿಂದ ನೋಡಿದರೆ ಶರಾವತಿಯ ಹಿನ್ನೀರು ಉದ್ದಕ್ಕೂ ಕಾಣುತ್ತದೆ. ಅಲ್ಲಿ ಹೋಂಸ್ಟೇ ಮಾಡಲು ಅವನ ತಮ್ಮ ಗಜಾನನ ಎರಡು ಸಲ ಅಳತೆ ಮಾಡಿಸಿಕೊಂಡು ಹೋಗಿದ್ದನ್ನು ಕೇರಿಯವರೆಲ್ಲ ನೋಡಿದ್ದರು.

ಮುಕುಂದಯ್ಯ ದನಿ ಎತ್ತಲಿಲ್ಲ. "ಹುಲಿಯಾ, ನೀನು ನಾಳೆ ಕೆಲ್ಸಕ್ಕೆ ಬರ್ತೀಯೇನೋ?" ಎಂದು ಕೇಳಿದ.

ಹುಲಿಯಪ್ಪ ಆ ಮನೆಯ ತೋಟದಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದವನು, ಮೂಕಮ್ಮನ ಪಕ್ಕದ ಮನೆಯವನು. ಅವನ ಮಗಳು ಮೇಘನಾ ಮೂರನೇ ಕ್ಲಾಸು. ಅವನು ಯಾರ ಮುಖವನ್ನೂ ನೋಡದೆ ಮುಂದೆ ಬಂದು ಹೆಬ್ಬೆಟ್ಟು ಒತ್ತಿದ. ಅವನ ಹಿಂದೆ ಉಳಿದ ಮಕ್ಕಳ ಮನೆಯವರೂ ಒತ್ತಿದರು. ಮಸಿಯನ್ನು ಲುಂಗಿಗೆ, ಸೆರಗಿಗೆ ಒರೆಸಿಕೊಂಡು ಹೋದರು. ಮೂಕಮ್ಮ ಅಡುಗೆಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಮೊಮ್ಮಗಳನ್ನು ಕರೆದುಕೊಂಡು ನಡೆದಳು.

ಶಾಲೆ ಮುಚ್ಚಿತು. ಮೇಲಿನಕೊಪ್ಪಕ್ಕೆ ಕಾಡುದಾರಿಯಲ್ಲಿ ಐದು ಕಿಲೋಮೀಟರು. ಬಸ್ಸಿಲ್ಲ. ನಡುವೆ ಹಳ್ಳ. ಹಳ್ಳಕ್ಕೆ ಅಡಿಕೆಮರದ ನಾಲ್ಕು ದಿಮ್ಮಿ ಜೋಡಿಸಿ ಕಟ್ಟಿದ ಸಂಕ. ಮೊದಲ ವಾರ ಮೂಕಮ್ಮನೇ ಏಳೂ ಮಕ್ಕಳನ್ನು ಒಬ್ಬೊಬ್ಬರಾಗಿ ಕೈಹಿಡಿದು ದಾಟಿಸಿದಳು. ಅಡುಗೆ ಕೆಲಸ ಹೋಗಿತ್ತು, ಎರಡನೇ ವಾರ ಅವಳೂ ಕೂಲಿಗೆ ಹೋಗಬೇಕಾಯಿತು. ಇಬ್ಬರು ಹೆಣ್ಣುಮಕ್ಕಳು ಹೆದರಿ ಮನೆಯಲ್ಲೇ ಉಳಿದರು. ಸಂಕದ ಒಂದು ದಿಮ್ಮಿ ಲಡ್ಡಾಗಿದೆ, ಕಾಲಿಟ್ಟರೆ ಮುರಿಯುತ್ತದೆ ಎಂದು ಮೂಕಮ್ಮ ಪಂಚಾಯ್ತಿಯಲ್ಲಿ ಹೇಳಿದಳು, ಮೇಲಿನಕೊಪ್ಪದ ಹೆಡ್ಮಾಸ್ತರಿಗೂ ಹೇಳಿದಳು. ಅರ್ಜಿ ಬರೆದುಕೊಡಿ ಎಂದರು. ವಿನಯಾಳ ಕೈಲಿ ಬರೆಸಿ ಕೊಟ್ಟಳು.

ಜುಲೈ ಎರಡನೇ ಗುರುವಾರ ಬೆಳಿಗ್ಗೆ ವಿನಯಾ ಒಬ್ಬಳೇ ಓಡಿಬಂದಳು. ಮೈಯೆಲ್ಲ ಕೆಸರು, ಹಳ್ಳದ ಕಡೆ ಕೈ ತೋರಿಸಿದಳು. ಮೇಘನಾ ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ, ಹಳ್ಳದಲ್ಲಿ ಎರಡು ಮೈಲಿ ಕೆಳಗೆ, ವಾಟೆಬಿದಿರಿನ ಮೆಳೆಯ ಬುಡದಲ್ಲಿ. ಶಾಲೆಯ ಚೀಲ ಇನ್ನೂ ಬೆನ್ನಿಗೇ ಇತ್ತು.

ವಿಚಾರಣೆಗೆ ತಹಶೀಲ್ದಾರರ ಜೊತೆ ರವೀಶನೂ ಫೈಲು ಹಿಡಿದು ಬಂದ. ಇಲಾಖೆಯ ತಪ್ಪಿಲ್ಲ, ಪೋಷಕರೇ ಒಪ್ಪಿ ಕಳಿಸಿದ್ದು, ಮಕ್ಕಳನ್ನು ಜೋಪಾನವಾಗಿ ದಾಟಿಸುವುದು ಅವರ ಜವಾಬ್ದಾರಿ ಎಂದ. ಫೈಲು ತೆರೆದು ಹುಲಿಯಪ್ಪನಿಗೆ ಅವನ ಹೆಬ್ಬೆಟ್ಟನ್ನು ತೋರಿಸಿದ. ಹುಲಿಯಪ್ಪ ಅದನ್ನು ನೋಡುತ್ತ ನಿಂತ. ಅವನಿಗೆ ಓದಲು ಬಾರದು, ಆದರೆ ಏಳು ಮಕ್ಕಳಿಗೆ ಏಳು ಗುರುತು ಎಂದು ಎಣಿಸಲು ಬರುತ್ತಿತ್ತು. ಏಳೂ ಹೆಬ್ಬೆಟ್ಟೇ.

ಅವನು ಸಂಜೆ ಮೂಕಮ್ಮನ ಮನೆಗೆ ಬಂದು ಬಾಗಿಲಲ್ಲೇ ನಿಂತ.

"ನಿನ್ ಹೆಸ್ರಿಗೆ ಯಾವನೋ ಬೋಳಿಮಗ ತನ್ ಬೆರಳು ಒತ್ತವ್ನೆ ಮೂಕಕ್ಕ," ಎಂದ. ತನ್ನ ಹೆಬ್ಬೆರಳು ನೋಡಿಕೊಂಡು, "ನಂದು ನಾನೇ ಒತ್ತಿದ್ದು," ಎಂದ.

ಮೂಕಮ್ಮ ಒಳಗೆ ಬಾ ಎಂದಳು. ಅವನು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಮೂಕಮ್ಮ ವಿನಯಾಳ ಕೈಹಿಡಿದು ಕಾಡುದಾರಿಯ ಬದಲು ಹಳೇ ಶಾಲೆಯ ದಾರಿ ಹಿಡಿದಳು. ಕೇರಿಯ ಮನೆಮನೆಯ ಮುಂದೆ ನಿಂತು, ಮಕ್ಕಳನ್ನು ಕಳಿಸಿ ಎಂದಷ್ಟೇ ಹೇಳಿದಳು. ಯಾರೂ ಬರುತ್ತೇವೆ ಎನ್ನಲಿಲ್ಲ. ಆದರೆ ಅವಳು ಗೇಟು ತಲುಪುವಷ್ಟರಲ್ಲಿ ಐದು ಮಕ್ಕಳು ಹಿಂದೆ ಇದ್ದವು. ಬಾಗಿಲಿಗೆ ದಪ್ಪ ಹೊಸ ಬೀಗ ಬಿದ್ದಿತ್ತು. ಗೋಡೆಯ ಮೇಲಿನ ಶಾಲೆಯ ಹೆಸರಿಗೆ ಆಗಲೇ ಅರ್ಧ ಸುಣ್ಣ ಬಳಿದಿದ್ದರು. ಅವಳು ಕಲ್ಲು ಹುಡುಕಲು ಬಗ್ಗಿದಾಗ ಹಿಂದಿನಿಂದ ಹುಲಿಯಪ್ಪ ಹಾರೆ ಹಿಡಿದು ಬಂದ. ಮುಕುಂದಯ್ಯನ ತೋಟದ ಹಾರೆ. ಎರಡೇ ಮೀಟಿಗೆ ಬೀಗ ಚಿಲಕದ ಸಮೇತ ಕಿತ್ತುಬಂತು.

ಮಕ್ಕಳು ಒಳಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಮೂಕಮ್ಮ ವಿನಯಾಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಗೊತ್ತಿದ್ದಷ್ಟು ಹೇಳಿಕೊಡು ಎಂದಳು. ವಿನಯಾ ಮಗ್ಗಿ ಶುರುಮಾಡಿದಳು. ಮಕ್ಕಳು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೂಗಿದವು.

ಹತ್ತೂವರೆಗೆ ಜೀಪು ಬಂತು. ರವೀಶ್ ಇಳಿದ. ಹಿಂದೆ ಇಬ್ಬರು ಪೊಲೀಸರು, ಅವರ ಹಿಂದೆ ಮುಕುಂದಯ್ಯನ ಕಾರು. ಬೀಗ ಒಡೆದವರು ಹೊರಗೆ ಬನ್ನಿ ಎಂದು ರವೀಶ್ ಅಂಗಳದಿಂದಲೇ ಕೂಗಿದ. ಮೂಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಮಗ್ಗಿ ನಿಂತುಹೋಯಿತು.

ಮೂರನೇ ಕ್ಲಾಸಿನ ಸಾಲಿನಲ್ಲಿ, ಕಿಟಕಿಯ ಪಕ್ಕ, ಒಂದು ಜಾಗ ಖಾಲಿಯಿತ್ತು. ಹುಲಿಯಪ್ಪ ಅಲ್ಲಿಗೆ ಹೋಗಿ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ನಿಲ್ಲಿಸ್ಬೇಡ ಮಗಾ, ಹೇಳು," ಎಂದ ವಿನಯಾಳಿಗೆ.

ಪೊಲೀಸರ ಬೂಟುಗಳು ಜಗುಲಿ ಹತ್ತಿದವು.