ನಿಲ್ದಾಣದಲ್ಲಿ ಉಳಿದ ಒಂದೇ ಸೈಕಲ್

ನಾನು ಒಂದು ಬಾಡಿಗೆ ಸೈಕಲ್. ಹುಟ್ಟಿದ್ದು ದೂರದ ಲುಧಿಯಾನದ ಕಾರ್ಖಾನೆಯಲ್ಲಿ, ಬಾಳಿದ್ದು ಮೈಸೂರಿನ ಬೀದಿಗಳಲ್ಲಿ. ನನಗೆ ಇಂಥವರೇ ಯಜಮಾನರು ಎಂದಿರಲಿಲ್ಲ. ಕಾರ್ಡು ತೋರಿಸಿ ಬೀಗ ಬಿಡಿಸಿಕೊಂಡವರೆಲ್ಲ ಅಷ್ಟು ಹೊತ್ತಿನ ಯಜಮಾನರು. ಕಾಲೇಜು ಹುಡುಗಿಯರು, ಅರಮನೆ ನೋಡಲು ಬಂದವರು, ತರಕಾರಿ ಚೀಲ ತೂಗುಹಾಕುವ ನಿವೃತ್ತ ಮೇಷ್ಟ್ರು. ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರು ಹತ್ತುತ್ತಿದ್ದರು. ಅದೇ ನನ್ನ ಹೆಮ್ಮೆಯಾಗಿತ್ತು.

ಕೊರೊನಾ ಬಂದಾಗ ಆ ಹೆಮ್ಮೆಯೇ ಮುಳುವಾಯಿತು. ಯಾರು ಯಾರೋ ಮುಟ್ಟಿದ್ದು ಎಂದು ಜನ ದೂರ ಸರಿದರು. ಲಾಕ್‌ಡೌನ್ ಆದಮೇಲೆ ನನ್ನ ಜೊತೆಯವರನ್ನೆಲ್ಲ ಲಾರಿಗೆ ಹೇರಿ ಗೋದಾಮಿಗೆ ಒಯ್ದರು. ಸೈಕಲ್ ನಿಲ್ದಾಣ ನೋಡಿಕೊಳ್ಳುವ ಚಿಕ್ಕಲಿಂಗಣ್ಣ ಮೇಲಿನವರನ್ನು ಬೇಡಿಕೊಂಡು ನನ್ನೊಬ್ಬನನ್ನು ಉಳಿಸಿಕೊಂಡ, ಜಯಶೀಲಳಿಗಾಗಿ. ಅವಳು ಊರಿನ ಆ ತುದಿಯ ಆಸ್ಪತ್ರೆಯಲ್ಲಿ ಆಯಾ. ಬಸ್ಸಿಲ್ಲ, ಆಟೋ ಇಲ್ಲ, ದಿನಾ ನನ್ನ ಮೇಲೆಯೇ ಹೋಗಿಬರುತ್ತಿದ್ದಳು. ಕೊರೊನಾ ಎಕ್ಸ್‌ಪ್ರೆಸ್ ಬಂತು, ದಾರಿ ಬಿಡಿ ಎಂದು ಬೀದಿಯವರು ಕಿಚಾಯಿಸುತ್ತಿದ್ದರು. ಅವಳು ಮಾಸ್ಕಿನೊಳಗೆ ನಗುತ್ತಿದ್ದಳೋ ಅಳುತ್ತಿದ್ದಳೋ, ಕೆಳಗಿನಿಂದ ನನಗೆ ಕಾಣುತ್ತಿರಲಿಲ್ಲ.

ಸಂಜೆ ಅವಳು ನನ್ನನ್ನು ಕಂಬದ ಬೀಗಕ್ಕೆ ಸಿಕ್ಕಿಸಿ ಹೋದಮೇಲೆ ಚಿಕ್ಕಲಿಂಗಣ್ಣ ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಬಕೆಟ್‌ಗಟ್ಟಲೆ ಸುರಿಯುತ್ತಿದ್ದ. ಬಟ್ಟೆಯಲ್ಲಿ ಒರೆಸಿದರೆ ಸಾಕೆಂದು ಮೇಲಿನವರು ಹೇಳಿದ್ದರೂ ಅವನಿಗೆ ಸಮಾಧಾನವಿಲ್ಲ. ಆಸ್ಪತ್ರೆಯ ಸೋಂಕು ಅವಳ ಮನೆಗೆ ಹೋಗದಿರಲಿ ಎಂದು ಬೀಗದ ಸಂದಿಗೂ ಹೊಯ್ಯುತ್ತಿದ್ದ. ಒಳಗೆ ತುಕ್ಕು ಹಿಡಿಯುತ್ತಿದ್ದುದು ನನಗೆ ತಿಳಿಯುತ್ತಿತ್ತು. ಹೇಳಲು ಬಾಯಿರಲಿಲ್ಲ.

ಆದರೂ ಸೋಂಕು ಅವಳ ತಾಯಿಗೆ ತಗುಲಿತು. ಅದೇ ಆಸ್ಪತ್ರೆಗೆ ಸೇರಿಸಿದರು. ಒಂದು ಬೆಳಗ್ಗೆ ನರ್ಸಮ್ಮ ಫೋನ್ ಮಾಡಿ, ಅವ್ವ ಹೋಗಿಬಿಟ್ಟಳು, ಬೇಗ ಬಾ, ಪ್ಲಾಸ್ಟಿಕ್‌ನಲ್ಲಿ ಸುತ್ತಿಬಿಟ್ಟರೆ ಆಮೇಲೆ ಬಿಚ್ಚಲು ಬಿಡುವುದಿಲ್ಲ ಎಂದರಂತೆ. ಜಯಶೀಲ ಓಡಿ ಬಂದು ಕಾರ್ಡು ತೋರಿಸಿದಳು. ಹಸಿರು ದೀಪ ಹತ್ತಿತು, ಬೀಗ ಮಾತ್ರ ಬಿಡಲಿಲ್ಲ. ಚಿಕ್ಕಲಿಂಗಣ್ಣ ಕಲ್ಲಿನಲ್ಲಿ ಕುಟ್ಟಿದ, ಕಾಲಿನಲ್ಲಿ ಒದ್ದ.

"ಬಿಡಣ್ಣ, ನಡ್ಕೊಂಡೇ ಹೋಗ್ತೀನಿ. ಅವ್ವನ ಮುಖ ಒಂದ್ಸಲ ನೋಡ್ಬೇಕು" ಎಂದವಳೇ ಓಡಿದಳು.

ಎಷ್ಟೋ ದಿನಗಳ ಮೇಲೆ ಆ ದಾರಿಯಲ್ಲಿ ನಡೆದು ಬಂದಳು. ಚಿಕ್ಕಲಿಂಗಣ್ಣ ಎದ್ದು ಬಂದ. ಅವಳೇ ಹೇಳಿದಳು. "ಕಟ್ಬಿಟ್ಟಿದ್ರು ಕಣಣ್ಣ. ದೂರದಿಂದ ಕೈ ಮುಗ್ದೆ."

"ಬೀಗ ಕೆಡಿಸಿದ್ದು ನಾನೇ ಕಣವ್ವ. ದಿನಾ ಬ್ಲೀಚಿಂಗ್ ನೀರು ಹುಯ್ದು ಹುಯ್ದು."

ಅವಳು ತುಕ್ಕು ಹಿಡಿದ ಬೀಗದ ಮೇಲೆ ಕೈಯಾಡಿಸಿದಳು. "ನಮ್ಮವ್ವನೂ ಹಂಗೇ. ಎಲ್ಲಾನೂ ಎರಡೆರಡು ಸಲ ತೊಳೀತಿದ್ಲು" ಎಂದು ನಡೆದು ಹೋದಳು.

ಆ ಬೀಗ ಕೊನೆಗೂ ಬಿಡಲಿಲ್ಲ. ನಿಲ್ದಾಣ ಕಿತ್ತಾಗ ಕಂಬದ ತುಂಡಿನ ಸಮೇತ ನನ್ನನ್ನು ಕೊಯ್ದು ತಂದು ಈ ಗೋದಾಮಿನ ಮೂಲೆಗೆ ಒರಗಿಸಿದರು. ಈಗ ಊರು ಮತ್ತೆ ಓಡಾಡುತ್ತಿದೆ. ಬ್ಯಾಟರಿ ಸ್ಕೂಟರುಗಳು ಬಂದಿವೆಯಂತೆ, ಜನ ಹೆದರದೆ ಹಂಚಿಕೊಂಡು ಓಡಿಸುತ್ತಾರಂತೆ. ಒಳ್ಳೆಯದೇ ಆಯಿತು. ನಾನು ಹೊತ್ತು ತಿರುಗಿದವರ ಮುಖಗಳು ಒಂದೊಂದಾಗಿ ಮರೆತುಹೋಗುತ್ತಿವೆ. ಮರೆಯದೆ ಉಳಿದವಳು ಆ ಬೆಳಗ್ಗೆ ನಾನು ಹೊತ್ತೊಯ್ಯಲಾಗದ ಒಬ್ಬಳೇ. ಖಾಲಿ ರಸ್ತೆಯ ತಿರುವಿನವರೆಗೂ ಅವಳ ಚಪ್ಪಲಿಯ ಸದ್ದು ಕೇಳುತ್ತಿತ್ತು.