ಪೆಟ್ರೋಲಿಗೆ ಒಂದು ಅರ್ಜಿ

ಟೊಪ್ಪಿಗೆ ಹಾರಿಹೋಯಿತು. ಧೋಂಡೂ ಕಾರು ನಿಲ್ಲಿಸಲಿಲ್ಲ, ಕರಿಬಸಯ್ಯ ನಿಲ್ಲಿಸು ಎನ್ನಲೂ ಇಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ವಾದಿರಾಜನೂ ನಕ್ಕ. ಬೆಳಗಿನಿಂದ ಅವನಿಗೆ ಅದೊಂದೇ ಕೆಲಸ.

ನಾರಾಯಣಪೇಟೆ ದಾಟುವವರೆಗೂ, ಯಾರೂ ಗುರುತು ಹಿಡಿಯದಿರಲೆಂದು ಎಳೆದುಕೊಂಡ ಆ ಟೊಪ್ಪಿಗೆ ಅವನ ಹುಬ್ಬಿನ ಮೇಲೆ ಕೂತಿತ್ತು. ಅದು ಅವನು ಹುಟ್ಟಿದ ಊರು. ಹಾರಿದ್ದು ಊರು ಬಿಟ್ಟು ಎರಡು ಮೈಲಿಯಾದ ಮೇಲೆ. ಅಷ್ಟರ ಮಟ್ಟಿಗೆ ದೇವರಿದ್ದಾನೆ ಎಂದುಕೊಂಡ.

ಗೆಳೆಯರು ಅವನ ಮನೆ ನೋಡಲೇಬೇಕೆಂದು ಹಟ ಹಿಡಿದಿದ್ದರು. ಅವನು ನೇಕಾರರ ಓಣಿಯಾಚೆ ಕಂಡ ಯಾವುದೋ ಮಾಳಿಗೆ ಮನೆಯನ್ನು ತೋರಿಸಿದ್ದ. ಇಬ್ಬರೂ ಕಾರಿನಿಂದಿಳಿದು ಆ ಮನೆಗೆ ಸಿಪಾಯಿಗಳಂತೆ ಸಲಾಮು ಹೊಡೆದರು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಮುದುಕಿಯೂ, ಯಾರೋ ಸರಕಾರದವರಿರಬೇಕೆಂದು, ಎರಡೂ ಕೈಯಲ್ಲಿ ಸಲಾಮು ಹೊಡೆದಳು. ಆ ನಗು ಇನ್ನೂ ಮುಗಿದಿರಲಿಲ್ಲ. ಅಲ್ಲೇ ಪೇಟೆಯಲ್ಲಿ ಒಂದು ಸೇರಿನಷ್ಟು ಚೆಂಡುಹೂವು ಕೊಂಡು ಮಾಲೆ ಕಟ್ಟಿಸಿದ್ದರು. ಮಾಲೆ ಈಗ ಅವನ ಪಕ್ಕದಲ್ಲಿ, ನಾಲ್ಕನೆಯ ಪ್ರಯಾಣಿಕನ ಹಾಗೆ, ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಮಾಲೆ ಅವನ ತಂದೆಗೆ.

ಮೂರು ವರ್ಷದ ಹಿಂದೆ ವಾದಿರಾಜ ಓದಲೆಂದು ಪುಣೆಗೆ ಹೋದಾಗ ಪುಣೆ ಪರದೇಶ. ಗಡಿಯಲ್ಲಿ ನಿಜಾಮರ ಸುಂಕದವರು ಪೆಟ್ಟಿಗೆ ಬಿಚ್ಚಿ, ಅವನ ಅವಲಕ್ಕಿಯಲ್ಲಿ ಕೈಯಾಡಿಸಿ ಕಳಿಸಿದ್ದರು. ಕಳೆದ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು, ಐದು ದಿನಗಳಲ್ಲಿ ಕೆಲಸ ಮುಗಿಸಿತು, ಪರದೇಶ ಸ್ವದೇಶವಾಯಿತು. ಅದಕ್ಕಾಗಿ ವಾದಿರಾಜ ಹಾಸ್ಟೆಲಿನ ಕುರ್ಚಿಯಿಂದ ಎದ್ದಿರಲೂ ಇಲ್ಲ.

ಎಬ್ಬಿಸಿದವರು ಗೆಳೆಯರು. ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಅಂಗಳ ತುಂಬ ಕುಣಿದರು. ಯಾಕೆಂದರೆ ಪುಣೆಗೆ ಹೋದ ಮೊದಲ ವರ್ಷ, ನಿನ್ನ ಅಪ್ಪ ನಿಜಾಮನ ಚಾಕರಿಯವನಂತೆ ಎಂದು ಯಾರೋ ಚುಚ್ಚಿದಾಗ, ಅಪ್ಪ ಗುಲ್ಬರ್ಗದ ಜೇಲಿನಲ್ಲಿದ್ದಾನೆ ಎಂದು ಅವನು ಹೇಳಿದ್ದ. ಒಂದೇ ವಾಕ್ಯ. ಅದೇ ಅವನನ್ನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಮಾಡಿತು, ಎಲ್ಲರ ಕೋಣೆಯಲ್ಲೂ ಅವನಿಗೊಂದು ಕುರ್ಚಿ ಕೊಟ್ಟಿತು. ಆ ವಾಕ್ಯವನ್ನು ಕಿತ್ತುಕೊಂಡರೆ ಪುಣೆಯಲ್ಲಿ ಅವನದೆನ್ನುವುದು ಒಂದು ಟ್ರಂಕು ಮಾತ್ರ ಉಳಿಯುತ್ತಿತ್ತು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ; ಇವನ ಸುಳ್ಳಿಗೆ ಧೋಂಡೂನ ಸೋದರಮಾವನ ಫೋರ್ಡಿನ ನಾಲ್ಕು ಗಾಲಿಗಳಿದ್ದವು. ಸ್ವತಂತ್ರವಾದ ನಾಡನ್ನು ಕಂಡು, ಜೇಲು ಕಂಡ ಹಿರಿಯರಿಗೊಂದು ಮಾಲೆ ಹಾಕಿ ಬರೋಣ ಎಂದು ರಜೆಯಲ್ಲಿ ಹೊರಟೇಬಿಟ್ಟಿದ್ದರು.

ಅಪ್ಪ ಜಯತೀರ್ಥರಾಯರು ಜೇಲನ್ನು ಹೊರಗಿನಿಂದಲೂ ನೋಡಿದವರಲ್ಲ. ಮಕ್ತಲದ ತಹಸೀಲಿನಲ್ಲಿ ಕಾಗದಪತ್ರ ಬರೆಯುವ ಪೇಶ್ಕಾರರಾಗಿದ್ದರು. ಫೌಜು ಬಂದ ಮೇಲೆ ಅವರನ್ನು ನೌಕರಿಯಿಂದ ಇಳಿಸಿದ್ದರು. ರಜಾಕಾರರಿಗೆ ಬೇಕಾದ ಕಾಗದಗಳೆಲ್ಲ ಅವರ ಕೈಬರಹದಲ್ಲಿದ್ದವಂತೆ. 'ಹೇಳಿದ್ದನ್ನು ಬರೆದುಕೊಟ್ಟೆ, ಬರೆಯುವುದು ನನ್ನ ಕೆಲಸ, ನೀನು ಚೆನ್ನಾಗಿ ಓದು' ಎಂದು ಕಾರ್ಡು ಬಂದಿತ್ತು. ಅದನ್ನು ಓದಿದ ಸಂಜೆ ವಾದಿರಾಜ ಒಬ್ಬನೇ ಮುಠಾ ನದಿಯ ದಂಡೆಯ ಮೇಲೆ ಎರಡು ಗಂಟೆ ಕೂತಿದ್ದ. ಅಪ್ಪನ ಮೇಲೆ ಕರುಣೆ ಬಂದಿರಲಿಲ್ಲ. ಹೆದರಿಕೆ ಬಂದಿತ್ತು.

ದಾರಿಯುದ್ದಕ್ಕೂ ಅವನು ಯೋಚಿಸಿಟ್ಟುಕೊಂಡದ್ದು ಇಷ್ಟು: ಮಕ್ತಲದಲ್ಲಿ ಕಾರು ನಿಲ್ಲಿಸಕೂಡದು. ಅಪ್ಪ ಈಗ ನದಿಯಾಚೆ ಗದ್ವಾಲದಲ್ಲಿದ್ದಾನೆಂದು ಹೇಳಿಯಾಗಿದೆ. ಗದ್ವಾಲಕ್ಕೆ ಹೋಗಿ, ಅಯ್ಯೋ, ನಿನ್ನೆಯೇ ಹೈದರಾಬಾದಿಗೆ ಹೋದರಂತೆ ಎಂದರಾಯಿತು. ಮಾಲೆಯನ್ನು ಯಾವುದಾದರೂ ದೇವರಿಗೆ ಹಾಕಿದರಾಯಿತು. ದೇವರು ಬೇಡ ಎನ್ನುವುದಿಲ್ಲ.

ಮಕ್ತಲದ ನಡುಬೀದಿಯಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು.

ಪೆಟ್ರೋಲು ಮುಗಿದಿತ್ತು. ಧೋಂಡೂಗೆ ಇದೂ ನಗೆ. ಮುಂಬಯಿ ಕಡೆಯ ಕೂಪನ್ನು ಇಲ್ಲಿ ನಡೆಯುವುದಿಲ್ಲ, ತಹಸೀಲಿನಿಂದ ಪರವಾನಗಿ ತನ್ನಿ ಎಂದು ಅಂಗಡಿಯವನು ಹೇಳಿದ. ಕರಿಬಸಯ್ಯ ಬಿಸಿ ಮಿರ್ಚಿ ಬಜಿ ಕೊಂಡು ತಂದ. ಮೂವರೂ ತಿನ್ನುತ್ತ ತಹಸೀಲಿಗೆ ನಡೆದರು. ವಾದಿರಾಜ ಕಪ್ಪು ಕನ್ನಡಕ ಹಾಕಿಕೊಂಡ. ಅವನು ಪುಣೆಗೆ ಹೋದ ಮೇಲೆ ಅಪ್ಪನಿಗೆ ಇಲ್ಲಿಗೆ ವರ್ಗವಾದದ್ದು. ಇಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲ, ಅಪ್ಪ ತಲೆ ತಗ್ಗಿಸಿಕೊಂಡು ಮನೆಯೊಳಗೆ ಕೂತಿರುತ್ತಾನೆ ಎಂದು ಧೈರ್ಯ ತಂದುಕೊಂಡ.

ತಹಸೀಲಿನಲ್ಲಿ ಮದರಾಸಿನ ಕಡೆಯಿಂದ ಹೊಸದಾಗಿ ಬಂದ ಅಧಿಕಾರಿಯೊಬ್ಬ ಫ್ಯಾನಿಲ್ಲದ ಕೋಣೆಯಲ್ಲಿ ಬೆವರುತ್ತಿದ್ದ. ಪೆಟ್ರೋಲು ಕೊಡಬಹುದು, ಆದರೆ ಅರ್ಜಿ ಉರ್ದುವಿನಲ್ಲೇ ಇರಬೇಕು, ಅರ್ಜಿದಾರ ಮುಲ್ಕಿಯಾಗಿರಬೇಕು, ಅಂದರೆ ಇದೇ ಸಂಸ್ಥಾನದವನಾಗಿರಬೇಕು ಎಂದ. ಕಾಯಿದೆ ಇನ್ನೂ ಬದಲಾಗಿಲ್ಲವಂತೆ. ತನಗೆ ಉರ್ದು ಒಂದಕ್ಷರವೂ ಬಾರದು, ಠಸ್ಸೆ ಒತ್ತುವುದಷ್ಟೇ ತನ್ನ ಕೆಲಸ ಎಂದು ಅವನೂ ನಕ್ಕ. ಗೆಳೆಯರಿಬ್ಬರೂ ವಾದಿರಾಜನನ್ನು ಮದುಮಗನ ಹಾಗೆ ಮುಂದೆ ದೂಡಿದರು. ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರಿದ್ದಾರೆ, ಅವರ ಕೈಬರಹವೇ ಆಗಬೇಕು, ಬರೆಸಿಕೊಂಡು ಬನ್ನಿ ಎಂದ ಅಧಿಕಾರಿ.

ಬೇವಿನ ಕೆಳಗೆ ಚಾಪೆ. ಚಾಪೆಯ ಮೇಲೆ ಇಳಿಜಾರು ಪೆಟ್ಟಿಗೆ, ಮಸಿಕುಡಿಕೆ, ಲೆಕ್ಕಣಿಕೆ. ಹಣೆಯಲ್ಲಿ ಅಂಗಾರ ಅಕ್ಷತೆ ಇಲ್ಲದೆ ಬರಿಯ ಗೋಪೀಚಂದನ ಹಚ್ಚಿಕೊಂಡ, ತುಟಿ ಒಣಗಿದ ಮನುಷ್ಯ. ಇವತ್ತು ಏಕಾದಶಿ ಎಂದು ವಾದಿರಾಜನಿಗೆ ಆ ತುಟಿ ನೋಡಿದಾಗ ಹೊಳೆಯಿತು. ನೀರನ್ನೂ ಮುಟ್ಟದ ದಿನ. ಇವನ ಬಾಯಲ್ಲಿ ಬಜಿ ಇತ್ತು.

ಅಪ್ಪ ತಲೆಯೆತ್ತಿ ನೋಡಿದರು. ಕಪ್ಪು ಕನ್ನಡಕ ನೋಡಿದರು, ಮೀಸೆ ನೋಡಿದರು, ಎಣ್ಣೆಯ ಬೆರಳು ನೋಡಿದರು. ಎದ್ದು ನಿಲ್ಲಲೆಂದು ಒಂದು ಕೈಯನ್ನು ನೆಲಕ್ಕೂರಿದರು. ಮುಖ ಬಿಚ್ಚಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಕರಿಬಸಯ್ಯ ಭಾಷಣ ಶುರುಮಾಡಿಬಿಟ್ಟಿದ್ದ. ತಾವು ಪುಣೆಯಿಂದ ಬಂದವರು; ಈತ ಯಾರೆಂದುಕೊಂಡಿರಿ, ನಿಜಾಮನ ಜೇಲಿನಲ್ಲಿ ಎರಡು ವರ್ಷ ಕೊಳೆತ ಜಯತೀರ್ಥರಾಯರ ಮಗ; ಅವರಿಗೆ ಮಾಲೆ ಹಾಕಲಿಕ್ಕೆ ಮುನ್ನೂರು ಮೈಲಿ ಬಂದಿದ್ದೇವೆ; ಪೆಟ್ರೋಲು ಸಿಗಲಿಲ್ಲವೆಂದರೆ ದೇಶಕ್ಕೇ ಅವಮಾನ. ಧೋಂಡೂ ನಡುವೆ ಚಪ್ಪಾಳೆ ತಟ್ಟಿದ.

ನೆಲಕ್ಕೂರಿದ ಕೈಯನ್ನು ಅಪ್ಪ ಮೆಲ್ಲಗೆ ಎತ್ತಿದರು. ಅಂಗೈಯ ಧೂಳನ್ನು ಧೋತರಕ್ಕೆ ಒರೆಸಿಕೊಂಡರು. ಒಂದು ಹಾಳೆ ತೆಗೆದು ಪೆಟ್ಟಿಗೆಯ ಮೇಲಿಟ್ಟರು.

"ಅರ್ಜಿದಾರರ ಹೆಸರು?"

"ವಾದಿರಾಜ."

"ವಲ್ದ್?"

"ಹಂಗಂದ್ರ?" ಎಂದ ಧೋಂಡೂ.

"ತಂದೀ ಹೆಸರು," ಎಂದರು ಅಪ್ಪ, ಮಗನ ಕಡೆಗೇ ನೋಡುತ್ತ.

ಈಗ ಹೇಳಬಹುದಾಗಿತ್ತು. ಅಪ್ಪ ಎಂಬ ಎರಡೇ ಅಕ್ಷರ. ಅದು ಗಂಟಲಿನವರೆಗೆ ಬಂದದ್ದೂ ನಿಜ. ಆದರೆ ಬೆಳಗಿನಿಂದ ಆ ದಾರಿಯಲ್ಲಿ ನಗುವೇ ಓಡಾಡಿತ್ತು. ಈಗಲೂ ಅದೇ ಹೊರಬಂತು. ವಾದಿರಾಜ ಕಿಸಕ್ಕನೆ ನಕ್ಕ. ಅವನ ನಗು ನೋಡಿ ಗೆಳೆಯರೂ ನಕ್ಕರು.

"ಜಯತೀರ್ಥರಾಯ," ಎಂದ.

ಲೆಕ್ಕಣಿಕೆ ಮಸಿಯಲ್ಲಿ ಮುಳುಗಿ ಎದ್ದಿತು. ಅಪ್ಪ ತಲೆ ಬಗ್ಗಿಸಿಕೊಂಡೇ, ಅವರು ಈಗ ಎಲ್ಲಿದ್ದಾರೆಂದು ಕೇಳಿದರು.

"ಗದ್ವಾಲದಾಗ," ಎಂದ ವಾದಿರಾಜ.

"ಹಂಗಾರ ಹೊತ್ತಿರೂದ್ರಾಗ ನದಿ ದಾಟ್ರಿ. ಸಂಜೀಗೆ ಗಾಳಿ ಏಳ್ತದ."

ಕರಿಬಸಯ್ಯ ಇನ್ನೂ ಬಿಡಲಿಲ್ಲ. ಜೇಲಿನ ಸಂಗತಿಯನ್ನೂ ಅರ್ಜಿಯಲ್ಲಿ ಬರೆಯಿರಿ, ಅಂಥವರ ಮಗನೆಂದರೆ ಎರಡು ಗ್ಯಾಲನ್ನು ಹೆಚ್ಚೇ ಕೊಟ್ಟಾರು ಎಂದ. ಬರೆಯುವಿರಾ ಎಂದು ಬಗ್ಗಿ ಕೇಳಿದ.

"ಹೇಳಿದ್ದನ್ನ ಬರಿಯೋದು ನನ್ನ ಕೆಲಸ ಅದರೀ," ಎಂದರು ಅಪ್ಪ.

ಬಲದಿಂದ ಎಡಕ್ಕೆ ಸಾಲುಗಳು ಓಡಿದವು. ಆ ಅಕ್ಷರ ವಾದಿರಾಜನಿಗೆ ಗೊತ್ತು. ಎಂಟು ವರ್ಷದವನಿದ್ದಾಗ ನಾರಾಯಣಪೇಟೆಯ ಕಟ್ಟೆಯ ಮೇಲೆ ಅಪ್ಪ ಅವನ ಕೈ ಹಿಡಿದು ಅರ್ಜಿ ಬರೆಯುವ ಕ್ರಮ ಕಲಿಸಿದ್ದರು. ಮೊದಲು ನಿನ್ನ ಹೆಸರು. ಆಮೇಲೆ ವಲ್ದ್, ತಂದೆಯ ಹೆಸರು. ತಂದೆ ಬದುಕಿದ್ದರೆ ಬರಿಯ ಹೆಸರು. ಸತ್ತಿದ್ದರೆ ಹೆಸರಿನ ಮುಂದೆ ಒಂದು ಮಾತು ಸೇರಬೇಕು, ಮುಸಲ್ಮಾನರಾದರೆ ಮರ್ಹೂಮ್, ಹಿಂದೂಗಳಾದರೆ ಆಂಜಹಾನಿ. ಇದರಲ್ಲಿ ತಪ್ಪಿದವನು ಪೇಶ್ಕಾರನೇ ಅಲ್ಲ. ಮನುಷ್ಯ ಮನೆಯಲ್ಲಿ ಒಮ್ಮೆ ಸಾಯುತ್ತಾನೆ, ದಫ್ತರದಲ್ಲಿ ಒಮ್ಮೆ ಎಂದು ಹೇಳಿ ಅಪ್ಪ ನಕ್ಕಿದ್ದರು. ಅಪ್ಪ ನಕ್ಕದ್ದು ಅವನಿಗೆ ನೆನಪಿದ್ದದ್ದು ಅದೊಂದೇ ಸಲ.

ಸಹಿಗೆ ಹಾಳೆಯನ್ನು ತಿರುಗಿಸಿ ಮುಂದಿಟ್ಟರು. ವಾದಿರಾಜ ಕೈ ಚಾಚಿದ.

"ಕೈ ಒರಸ್ಕೋರಿ," ಎಂದರು ಅಪ್ಪ. "ಕಾಗದಕ್ಕ ಎಣ್ಣಿ ಹತ್ತತದ."

ಮಗನಿಗೆ 'ರಿ' ಹಚ್ಚಿ ಮಾತಾಡಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ವಾದಿರಾಜ ಅಂಗಿಗೆ ಕೈ ಒರೆಸಿಕೊಂಡು, ಏನನ್ನೂ ಓದದೆ ಸಹಿ ಮಾಡಿದ. ಧೋಂಡೂ ಉಳಿದ ಬಜಿಯನ್ನು ತೊಗೊಳ್ಳಿರಿ ಎಂದು ಮುದುಕರ ಮುಂದೆ ಹಿಡಿದ. ಅವರು ಕೈ ಮುಗಿದರು. ಒಳಗೆ ಅಧಿಕಾರಿ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಬಹಳ ಚೆಂದದ ಅಕ್ಷರ ಎಂದು ಮೆಚ್ಚಿ, ದಪ್ಪನೆ ಠಸ್ಸೆ ಒತ್ತಿದ.

ಠಸ್ಸೆ ಬಿದ್ದ ಅರ್ಜಿಯೇ ಪರವಾನಗಿ; ಅಂಗಡಿಯವನು ಅದನ್ನು ನೋಡಿ ಮರಳಿ ಕೊಟ್ಟ, ಪೆಟ್ರೋಲು ಸಿಕ್ಕಿತು. ವಾದಿರಾಜನಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಗೆದ್ದೆ ಎಂದುಕೊಂಡ. ನದಿಯವರೆಗೂ ಅವನೇ ಹಾಡಿದ, ಅವನೇ ಹಾರನ್ನು ಹೊಡೆದ, ಎಮ್ಮೆಗಳಿಗೆಲ್ಲ ಇಂಗ್ಲಿಷಿನಲ್ಲಿ ದಾರಿ ಕೇಳಿದ. ಇವನಿಗೆ ಇವತ್ತು ಏನು ಹೊಕ್ಕಿದೆಯೋ ಎಂದು ಗೆಳೆಯರು ಬಿದ್ದು ಬಿದ್ದು ನಕ್ಕರು. ಪುಣೆಗೆ ಮರಳಿ ಹೋಗಿ ಇದನ್ನೆಲ್ಲ ಹೇಳುವ ಮಾತನ್ನು ಅವನು ಆಗಲೇ ಜೋಡಿಸುತ್ತಿದ್ದ. ಬೇವಿನ ಮರ ಬರುವ ಕಡೆ ಮಾತ್ರ ಮಾತು ಜಿಗಿದು ಮುಂದೆ ಹೋಗುತ್ತಿತ್ತು.

ಕೃಷ್ಣೆಗೆ ಅಲ್ಲಿ ಸೇತುವೆಯಿಲ್ಲ. ಕಾರನ್ನು ಈಚೆ ದಡದಲ್ಲಿ ಬಿಟ್ಟು, ಮಾಲೆ ಹೊತ್ತುಕೊಂಡು, ಮೊಗುಲಪ್ಪನೆಂಬ ಅಂಬಿಗನ ಹರಿಗೋಲು ಹತ್ತಿದರು. ಬುಟ್ಟಿಯಂತೆ ಹೆಣೆದು ಚರ್ಮ ಹೊದಿಸಿದ ಅದರಲ್ಲಿ ಮೊಣಕಾಲು ಮಡಿಚಿಕೊಂಡು ಕೂರಬೇಕು.

"ಅಲ್ಲಾಡಬ್ಯಾಡ್ರಿ," ಎಂದ ಮೊಗುಲಪ್ಪ. "ನಡುವ ಸುಳಿ ಐತಿ. ತಿರಗತೈತಿ, ಅಂಜಾಕ ಹೋಗಬ್ಯಾಡ್ರಿ."

ಧೋಂಡೂ, ಪರವಾನಗಿಯಲ್ಲಿ ಜೇಲಿನ ಸಂಗತಿ ಬರೆದಿದ್ದಾರೋ ಇಲ್ಲವೋ ಓದು ಎಂದ. ನಿನಗೆ ಆ ಕಾಗೆ ಕಾಲಿನಂಥ ಅಕ್ಷರ ಓದಲು ಬರುತ್ತದಲ್ಲ ಎಂದೂ ಸೇರಿಸಿದ. ವಾದಿರಾಜ ಜೇಬಿನಿಂದ ಹಾಳೆ ತೆಗೆದು ಬಿಡಿಸಿದ.

ಜೇಲಿತ್ತು. ಎರಡು ವರ್ಷವಿತ್ತು. ಹೇಳಿದ್ದಷ್ಟೂ ಇತ್ತು, ಒಂದು ಕಾಟು ಹೊಡೆತವಿಲ್ಲದೆ. ಮೊದಲ ಸಾಲಿನಲ್ಲಿ ಹೇಳದೆ ಇದ್ದದ್ದೂ ಒಂದಿತ್ತು. ವಾದಿರಾಜ, ವಲ್ದ್ ಜಯತೀರ್ಥರಾಯ, ಆಂಜಹಾನಿ. ಆ ಮಾತಿನ ಮೇಲೆ ಸರಿಯಾಗಿ ತಹಸೀಲಿನ ನೀಲಿ ಠಸ್ಸೆ ಬಿದ್ದಿತ್ತು. ಒರೆಸಿಕೊಂಡರೂ ಹೋಗದ ಅವನ ಬೆರಳಿನ ಎಣ್ಣೆ ಅಲ್ಲೇ ಹತ್ತಿ, ಕಾಗದದಲ್ಲಿ ಆಚೆಯ ನೀರು ಕಾಣುತ್ತಿತ್ತು.

"ಏನ್ ಬರದಾರೋ?"

"ಎಂಟು ಗ್ಯಾಲನ್," ಎಂದ ವಾದಿರಾಜ.

ಅಷ್ಟರಲ್ಲಿ ಸುಳಿ ಬಂತು. ಹರಿಗೋಲು ಒಮ್ಮೆ ತಡೆದು, ಮೆಲ್ಲಗೆ ತಿರುಗಿತು, ಆಮೇಲೆ ಜೋರಾಗಿ. ಗೆಳೆಯರು ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ನಗೆಯ ಭರದಲ್ಲಿ ಕರಿಬಸಯ್ಯ ಒದ್ದೆ ಬಟ್ಟೆ ಬಿಚ್ಚಿ, ಅಪ್ಪ ಸಿಗುವವರೆಗೆ ಮಗನೇ ಹೊರಲಿ ಎಂದು, ಮಾಲೆಯನ್ನು ವಾದಿರಾಜನ ಕೊರಳಿಗೆ ಹಾಕಿಬಿಟ್ಟ. ಅದು ಭಾರವಾಗಿತ್ತು, ತಣ್ಣಗಿತ್ತು. ಅಪ್ಪನನ್ನು ಕೊಂದೆ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು. ಅನಿಸಿದಾಗಲೂ ಅವನು ನಗುತ್ತಲೇ ಇದ್ದ, ನಿಲ್ಲಿಸಲು ಬರುತ್ತಿರಲಿಲ್ಲ.

ದಡಗಳು ಒಂದರ ಹಿಂದೊಂದು ಬಂದು ಹೋಗುತ್ತಿದ್ದವು. ಎರಡರಲ್ಲೂ ಅದೇ ಬಂಡೆ, ಅದೇ ಜಾಲಿ. ಅವನು ಕಾರನ್ನು ಹುಡುಕಿದ, ಕಾಣಲಿಲ್ಲ. ಗದ್ವಾಲ ಯಾವ ಕಡೆ ಎಂದು ಮೊಗುಲಪ್ಪನನ್ನು ಕೇಳಿದ.

ಮೊಗುಲಪ್ಪ ಹುಟ್ಟನ್ನು ನೀರಿನಿಂದ ಮೇಲಕ್ಕೆತ್ತಿ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಸುಳಿ ತಾನಾಗಿ ಬಿಡುವುದನ್ನು ಕಾಯುತ್ತ ಕೂತಿದ್ದ. ಮಾಲೆಯಿಂದ ಉದುರಿದ ಚೆಂಡುಹೂವಿನ ಎಸಳುಗಳು ಹರಿಗೋಲಿನ ಸುತ್ತ, ಅದರದೇ ವೇಗದಲ್ಲಿ, ತಿರುಗುತ್ತಿದ್ದವು.